ಗೃಹಸಂಪದ: ನೀಳ ಹೆರಳಿನ ಪಾಲನೆ



ಹೋದ ವರ್ಷ ಕಾರ್ತಿಕ ಮಾಸದಲ್ಲಿ ನಾವು ಬೆಟಗೇರಿಯ ನೇಕಾರ ಕುಟುಂಬವೊಂದರ ಮನೆಗೆ ಹೋಗಿದ್ದೆವು. ಆ ಮನೆಯ ಮಗಳು ಗದಗಿನಲ್ಲಿ ಪದವಿ ತರಗತಿ ಓದುತ್ತಾಳೆ. ಸೊಂಟದವರೆಗೆ ತುಂಬಿ ಇಳಿಯುತ್ತಿದ್ದ ಅವಳ ಹೆರಳು ಬೆರಳಿನಷ್ಟು ಸಣ್ಣದಾಗಿತ್ತು. "ಹಣಿಗಿ ಹಚ್ಚಿದರ ಮುಷ್ಟಿ ತುಂಬ ಬರತಾವ್ರೀ ಅಕ್ಕಾರ, ಯಾರದೋ ದೃಷ್ಟಿ ತಾಗೇತಿ" ಎಂದು ತಾಯಿ ಕಣ್ಣೀರು ತಂದರು. ಮಗ್ಗದ ಕೂಲಿಯಲ್ಲಿ ಉಳಿಸಿದ ಹಣವೆಲ್ಲ ಬಗೆಬಗೆಯ ತೈಲಗಳಿಗೆ ವ್ಯಯವಾಗಿತ್ತು.

"ಮುಂಜಾನೆ ಏನು ಉಂಡು ಹೋಗತೀಯವ್ವಾ?" ಎಂದು ನಾವು ಕೇಳಿದೆವು. "ಚಹಾ ಅಷ್ಟರೀ" ಎಂದಳು. ಮೆಟ್ಟಿಲು ಹತ್ತಿದರೆ ತಲೆ ಸುತ್ತುವುದೆಂದೂ ಹೇಳಿದಳು. ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ೧೨ ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ೮ ಗ್ರಾಂ ಮಾತ್ರ ಇತ್ತು. ದೋಷವಿದ್ದುದು ದೃಷ್ಟಿಯಲ್ಲಲ್ಲ, ರಕ್ತದಲ್ಲಿ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ೬೦ ಸೆಂಟಿಮೀಟರ್ ಉದ್ದದ ಹೆರಳಿನ ತುದಿಗೆ ಐದು ವರ್ಷದ ವಯಸ್ಸು. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ವಿಶ್ರಮಿಸಿ ಉದುರುವುದು ನಿಸರ್ಗದ ನಿಯಮ. ದಿನಕ್ಕೆ ೫೦ರಿಂದ ೧೦೦ ಕೂದಲು ಉದುರಿದರೆ ಚಿಂತಿಸಬೇಕಿಲ್ಲ. ಬಾಣಂತಿಯರಿಗೆ ಹೆರಿಗೆಯಾದ ಮೂರು ತಿಂಗಳ ಸುಮಾರಿಗೆ, ದೊಡ್ಡ ಜ್ವರದಿಂದ ಎದ್ದವರಿಗೆ ಎರಡು ಮೂರು ತಿಂಗಳ ಮೇಲೆ ಹೆಚ್ಚು ಉದುರುವುದುಂಟು. ಅದು ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ. ಗುಂಡಗೆ ಬೋಳಾದರೆ, ನೆತ್ತಿಯಲ್ಲಿ ಹುಣ್ಣಾದರೆ, ಉದುರುವುದು ನಿಲ್ಲದೆ ಹೋದರೆ ವೈದ್ಯರನ್ನು ಕಾಣಲೇಬೇಕು.

ಇನ್ನು ನೀರಿನ ಮಾತು. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸೀಮೆಯಲ್ಲಿ ನದಿಯ ನೀರು ನಳಕ್ಕೆ ಬಾರದ ದಿನ ಅನೇಕರಿಗೆ ಕೊಳವೆಬಾವಿಯ ಗಡಸು ನೀರೇ ಗತಿ. ಆ ನೀರಿನ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ ಜಿಗುಟಾದ ಕೊಳೆಯಾಗಿ ಕೂದಲಿಗೆ ಅಂಟುತ್ತದೆ; ಕೂದಲು ಒರಟಾಗಿ ಸಿಕ್ಕುಗಟ್ಟುತ್ತದೆ. ಆದ್ದರಿಂದ ತಲೆಗೆ ಮೈಸಾಬೂನು ಬೇಡ. ಸೀಗೆಕಾಯಿ, ಅಂಟುವಾಳಗಳ ನೊರೆ ಗಡಸು ನೀರಿನಲ್ಲಿಯೂ ಹೀಗೆ ಅಂಟುವುದಿಲ್ಲ. ಸೌಮ್ಯವಾದ ಶಾಂಪೂ ಬಳಸಿದರೂ ದೋಷವಿಲ್ಲ. ಸೀಗೆಪುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ಕಣ್ಣಿಗೆ ತಾಗದಂತೆ ಎರೆದುಕೊಳ್ಳಬೇಕು. ಮಳೆಯ ನೀರು ಹಿಡಿದಿಟ್ಟಿದ್ದರೆ ಕೊನೆಯ ಎರಡು ಚರಿಗೆ ಅದನ್ನೇ ಹಾಕಿಕೊಳ್ಳುವುದು ಉತ್ತಮ.

ಎರೆದುಕೊಳ್ಳುವ ಮುನ್ನ ಕೊಬ್ಬರಿ ಎಣ್ಣೆಯನ್ನು ತುದಿಯವರೆಗೂ ಹಚ್ಚಿದರೆ ಕೂದಲಿನ ಸತ್ವ ನೀರಿನಲ್ಲಿ ಕರಗಿ ಹೋಗುವುದು ಕಡಿಮೆಯಾಗುತ್ತದೆ. ಆದರೆ ಯಾವ ಎಣ್ಣೆಯೂ ಕೂದಲಿನ ಹುಟ್ಟುಗುಣವನ್ನು ಬದಲಿಸದು. ಒದ್ದೆಗೂದಲು ಬಹಳ ದುರ್ಬಲ. ಅದನ್ನು ತಿಕ್ಕಿ ಒರೆಸದೆ ಮೆತ್ತಗಿನ ಹಳೆಯ ಸೀರೆಯಲ್ಲಿ ಒತ್ತಿ, ತುಸು ಆರಿದ ಮೇಲೆ ಅಗಲ ಹಲ್ಲಿನ ಹಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಕ್ರಮೇಣ ಬುಡಕ್ಕೆ ಬರಬೇಕು. ಹಾಸಿನ ನೂಲಿನ ಸಿಕ್ಕನ್ನು ಯಾವ ನೇಕಾರನೂ ಜಗ್ಗಿ ಬಿಡಿಸುವುದಿಲ್ಲವಷ್ಟೆ! ಹೆರಳನ್ನು ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ ಹಾಕಿದರೆ ಕಾಲಕ್ರಮದಲ್ಲಿ ಹಣೆಯಂಚಿನ ಕೂದಲು ಹೋಗುತ್ತದೆ. ರಾತ್ರಿ ಸಡಿಲ ಹೆರಳೇ ಹಿತ. ಸೀಳಿದ ತುದಿಯನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಅರ್ಧ ಬೆರಳಿನಷ್ಟು ಕತ್ತರಿಸಿದರೆ ಸೀಳು ಮೇಲಕ್ಕೆ ಏರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಊಟ. ಜೋಳದ ರೊಟ್ಟಿ, ಹೆಸರುಕಾಳು, ಮಡಿಕೆಕಾಳಿನ ಪಲ್ಲೆ, ಮೆಂತ್ಯದ ಸೊಪ್ಪು, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ನಮ್ಮ ಅಡುಗೆಮನೆಯಲ್ಲಿಯೇ ಇವೆ. ಪಲ್ಲೆಗೆ ಲಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೂಡುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅದಕ್ಕೆ ತಡೆಯಾಗುತ್ತದೆ. ಗಂಡಸರು ಮಕ್ಕಳು ಉಂಡ ಮೇಲೆ ಉಳಿದುದನ್ನು ಉಣ್ಣುವ ರೂಢಿಯನ್ನು ತಾಯಂದಿರು ಬಿಡಬೇಕು. ಹೆಣ್ಣುಮಕ್ಕಳಿಗೆ ಅದನ್ನು ಕಲಿಸಲೂಬಾರದು.

ಅಕ್ಕಮಹಾದೇವಿಯು ಕೇಶವನ್ನೇ ಉಡುಗೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆ ಕೇಶದ ಮರೆಯನ್ನೂ ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕೇಶಕ್ಕೂ ಮಿಗಿಲಾದುದು ಅದನ್ನು ಹೊತ್ತ ಜೀವ ಎಂಬುದನ್ನು ನಾವು ಅದರಿಂದ ತಿಳಿಯುತ್ತೇವೆ. ಕೂದಲು ತೆಳುವಾದ ಮಗಳನ್ನು ನಾಲ್ಕು ಜನರೆದುರು ಆಡಿಕೊಳ್ಳುವುದು ಶರಣರ ಮನೆಗೆ ಒಪ್ಪುವ ಮಾತಲ್ಲ.

ಮೊನ್ನೆ ಶ್ರಾವಣದಲ್ಲಿ ಆ ಮನೆಗೆ ಮತ್ತೆ ಹೋಗಿದ್ದೆವು. ವೈದ್ಯರು ಕೊಟ್ಟ ಗುಳಿಗೆಯನ್ನು ಮಗಳು ತಪ್ಪದೆ ತೆಗೆದುಕೊಂಡಿದ್ದಾಳೆ. ಹಣೆಯ ಮೇಲೆ ಮೂರು ಬೆರಳಿನಷ್ಟು ಹೊಸ ಕೂದಲು ಮೂಡಿದೆ. ಹೆರಳು ಇನ್ನೂ ಸಣ್ಣದೇ. ಆದರೆ ಮುಂಜಾನೆ ರೊಟ್ಟಿ ಉಣ್ಣದೆ ತಾಯಿ ಅವಳನ್ನು ಹೊಸ್ತಿಲು ದಾಟಗೊಡುವುದಿಲ್ಲ.