ಯೆಮೆನ್: ಮದ್ಹಬ್ ಬಿಡಿ, ನಕಾಶೆ ನೋಡಿ

ಯೆಮೆನ್ ಯುದ್ಧದ ಮಾತು ಬಂದರೆ ನಮ್ಮವರ ಬಾಯಲ್ಲಿ ಒಂದೇ ಉತ್ತರ: "ಅದು ಶಿಯಾ-ಸುನ್ನಿ ಜಗಳ, ಹಳೆಯದು, ಮುಗಿಯುವುದಿಲ್ಲ." ಪಳ್ಳಿಯ ಜಗಲಿಯಲ್ಲೂ ಅದೇ, ಫ್ಯಾಮಿಲಿ ಗ್ರೂಪಿನಲ್ಲೂ ಅದೇ, ಗಲ್ಫಿನಿಂದ ರಜೆಗೆ ಬಂದವರಲ್ಲೂ ಅದೇ. ಈ ಉತ್ತರವನ್ನು ನಾವು ಇನ್ನಾದರೂ ಬಿಡಬೇಕು.

ಮೊದಲು ಮದ್ಹಬ್‌ನ ಲೆಕ್ಕವನ್ನೇ ನೋಡೋಣ. ಮಾಜಿ ಅಧ್ಯಕ್ಷ ಅಲಿ ಅಬ್ದುಲ್ಲಾ ಸಾಲಿಹ್ ಝೈದಿ ಮನೆತನದವರು. ಹೌಥಿಗಳೂ ಝೈದಿಗಳೇ. 2004ರಿಂದ 2010ರವರೆಗೆ ಸಾಲಿಹ್ ಸರ್ಕಾರ ಹೌಥಿಗಳ ಮೇಲೆ ಆರು ಸಲ ಯುದ್ಧ ಮಾಡಿತು. ಅಧಿಕಾರ ಹೋದ ಮೇಲೆ ಅದೇ ಸಾಲಿಹ್ ಹೌಥಿಗಳ ಜೊತೆ ಸೇರಿದರು. 2017ರ ಡಿಸೆಂಬರ್‌ನಲ್ಲಿ ಹೌಥಿಗಳೇ ಅವರನ್ನು ಕೊಂದರು. ಇತ್ತ ಏಡನ್‌ನಲ್ಲಿ 2018ರಲ್ಲೂ 2019ರಲ್ಲೂ ಸರ್ಕಾರದ ಪಡೆಗೂ ದಕ್ಷಿಣದ ಪ್ರತ್ಯೇಕತಾವಾದಿಗಳಿಗೂ ಬೀದಿ ಕಾಳಗ ನಡೆಯಿತು. ಇಬ್ಬರೂ ಸುನ್ನಿಗಳು, ಇಬ್ಬರೂ ಹೌಥಿಗಳ ವಿರೋಧಿಗಳು. ಇದು ಯಾವ ಶಿಯಾ-ಸುನ್ನಿ ಲೆಕ್ಕಕ್ಕೆ ಬರುತ್ತದೆ?

ಈಗ ನಕಾಶೆ ತೆರೆಯಿರಿ. ಅಂಗಡಿಯವನ ಮಗನಾದ ನಾನು ಮೊದಲು ಕೇಳುವುದು, ಸರಕು ಎಲ್ಲಿಂದ ಬರುತ್ತದೆ ಎಂದು. ಯೆಮೆನ್ ಜನ ತಿನ್ನುವ ಗೋಧಿಯ ಬಹುಪಾಲು ಹೊರದೇಶದ್ದು. ಉತ್ತರದವರಿಗೆ ಅದು ಇಳಿಯುವ ಮುಖ್ಯ ಜಾಗ ಕೆಂಪು ಸಮುದ್ರದ ಹುದೈದಾ ಬಂದರು. 2015ರ ಆಗಸ್ಟ್‌ನಲ್ಲಿ ಸೌದಿ ನೇತೃತ್ವದ ಮೈತ್ರಿಕೂಟದ ವಿಮಾನಗಳು ಅಲ್ಲಿಯ ನಾಲ್ಕು ಕ್ರೇನ್‌ಗಳನ್ನು ಹಾಳುಮಾಡಿದವು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ರೇನ್ ಇಲ್ಲದಿದ್ದರೆ ಹಡಗು ಕಾಯುತ್ತದೆ, ಹಡಗು ಕಾದರೆ ಬಾಡಿಗೆ ಏರುತ್ತದೆ, ಆ ಬಾಡಿಗೆ ಹಿಟ್ಟಿನ ಬೆಲೆಗೆ ಸೇರುತ್ತದೆ. 2018ರಲ್ಲಿ ಅದೇ ಊರಿಗಾಗಿ ನೆಲದ ಮೇಲೂ ಯುದ್ಧವಾಯಿತು.

ಹೌಥಿಗಳು 2021ರಲ್ಲಿ ಮಾರಿಬ್ ಮೇಲೆ ಮತ್ತೆ ಮತ್ತೆ ನುಗ್ಗಿದ್ದೇಕೆ? ಅಲ್ಲಿ ಎಣ್ಣೆ ಬಾವಿಗಳಿವೆ, ಅಡುಗೆ ಗ್ಯಾಸ್ ಇದೆ, ವಿದ್ಯುತ್ ಸ್ಥಾವರವಿದೆ. ತಾಯಿಝ್ ನಗರದ ದಾರಿಗಳನ್ನು ಅವರು ವರ್ಷಗಟ್ಟಲೆ ಕಟ್ಟಿಹಾಕಿದರು. ಕಾಲು ಗಂಟೆಯ ದಾರಿ ಐದಾರು ಗಂಟೆಯಾಯಿತು. ಉಪ್ಪಳದಿಂದ ಮಂಜೇಶ್ವರಕ್ಕೆ ಮಡಿಕೇರಿ ಸುತ್ತಿ ಹೋದ ಹಾಗೆ. ಮುಖ್ಯ ರಸ್ತೆಯೊಂದು ತೆರೆದದ್ದು 2024ರ ಜೂನ್‌ನಲ್ಲಿ.

ಹಾಗಾದರೆ ಮದ್ಹಬ್‌ಗೆ ಪಾತ್ರವೇ ಇಲ್ಲವೇ? ಇದೆ. ಉತ್ತರದ ಬೆಟ್ಟಗಳಲ್ಲಿ ಝೈದಿಗಳು ಹೆಚ್ಚು, ಕರಾವಳಿಯಲ್ಲೂ ದಕ್ಷಿಣದಲ್ಲೂ ಶಾಫಿಗಳು ಹೆಚ್ಚು. ಹುಡುಗರ ಕೈಗೆ ಬಂದೂಕು ಕೊಡಲು ದೀನಿನ ಹೆಸರು ಎರಡೂ ಕಡೆ ಬಳಕೆಯಾಗಿದೆ. ಆದರೆ ಆ ಹುಡುಗರನ್ನು ಎಲ್ಲಿಗೆ ಕಳುಹಿಸಬೇಕೆಂದು ತೀರ್ಮಾನಿಸಿದ್ದು ಬಂದರು, ಬಾವಿ ಮತ್ತು ರಸ್ತೆ. ಝೈದಿಗಳೂ ಶಾಫಿಗಳೂ ಒಂದೇ ಪಳ್ಳಿಯಲ್ಲಿ ನಮಾಝ್ ಮಾಡಿದ ಊರುಗಳು ಆ ದೇಶದಲ್ಲಿ ಎಷ್ಟೋ ಇವೆ.

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಅಂದಾಜಿನಂತೆ 2021ರ ಕೊನೆಗೆ ಸತ್ತವರು 3,77,000. ಅವರಲ್ಲಿ ಸುಮಾರು 60 ಶೇಕಡಾ ಜನ ಸತ್ತದ್ದು ಗುಂಡಿಗಲ್ಲ, ಹಸಿವು ಮತ್ತು ಕಾಯಿಲೆಗೆ. ಅಂದರೆ ಸರಕಿನ ದಾರಿ ಮುಚ್ಚಿದ್ದಕ್ಕೆ. "ಹಳೆಯ ಜಗಳ" ಎಂದು ನಾವು ಕೈ ತೊಳೆದುಕೊಂಡರೆ ಕ್ರೇನ್ ಒಡೆದವರೂ ಪಾರು, ರಸ್ತೆ ಕಟ್ಟಿದವರೂ ಪಾರು.

ನಾವು ಶಾಫಿಗಳು. ನಮ್ಮ ಕರಾವಳಿಯ ಎಷ್ಟೋ ತಂಙಳ್ ಮನೆತನಗಳ ಬೇರು ಯೆಮೆನ್‌ನ ಹದ್ರಮೌತ್‌ನಲ್ಲಿದೆ. ಆ ದೇಶದ ಸಾವನ್ನು ಒಂದು ಸಾಲಿನಲ್ಲಿ ಮುಗಿಸುವ ಹಕ್ಕು ಬೇರೆ ಯಾರಿಗಿದ್ದರೂ ನಮಗಿಲ್ಲ. ಮುಂದಿನ ಸಲ ಅಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ಎರಡೇ ಪ್ರಶ್ನೆ ಕೇಳಿ: ಯುದ್ಧ ಯಾವ ಊರಿನಲ್ಲಿ? ಆ ಊರಿನಲ್ಲಿ ಏನಿದೆ?