ಪರೀಕ್ಷೆಯೊಂದೇ ವಿಶ್ವವಿದ್ಯಾನಿಲಯವೇ?

ನಮ್ಮಲ್ಲನೇಕರಿಗೆ ವಿಶ್ವವಿದ್ಯಾನಿಲಯವೆಂದರೆ ಅಂಕಪಟ್ಟಿಯ ಮೇಲಿನ ಮುದ್ರೆ ಮಾತ್ರ. 1916ಕ್ಕೆ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಗಳಿಗೆ ಮದರಾಸಿನಿಂದ ಪದವಿ ಬರಬೇಕಾಗಿದ್ದಿತು. ಆ ಪರಾಧೀನತೆಯನ್ನು ಮೈಸೂರು ವಿಶ್ವವಿದ್ಯಾನಿಲಯ ನೀಗಿಸಿತು. 1964ರಲ್ಲಿ ಬೆಂಗಳೂರಿಗೇ ಪ್ರತ್ಯೇಕ ವಿಶ್ವವಿದ್ಯಾನಿಲಯವಾಯಿತು. 1973ರಲ್ಲಿ ಅದು ಕೆಂಗೇರಿಯ ನೆರೆಯ ಜ್ಞಾನಭಾರತಿಯ ಸಾವಿರಕ್ಕೂ ಮಿಕ್ಕ ಎಕರೆಯಲ್ಲಿ ನೆಲೆಸಿತು. ಕಾಲೇಜುಗಳು ಹೆಚ್ಚಿದುದರಿಂದ 2017ರಲ್ಲಿ ಅದು ಮೂರಾಗಿ ಒಡೆಯಿತು. ಆಡಳಿತದ ಹೊರೆ ಇಳಿದಿರಬಹುದು. ಆದರೆ ಸುತ್ತಣ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗೆ ಅಲ್ಲಿನ ಗ್ರಂಥಭಂಡಾರ ಹತ್ತಿರವಾಯಿತೇ? ಖಾಸಗಿ ಕಾಲೇಜಿನ ಶುಲ್ಕ ತೆರಲಾರದ ನಮ್ಮಂಥವರಿಗೆ ಸರಕಾರಿ ವಿದ್ಯಾಸಂಸ್ಥೆಗಳೇ ಗತಿ. ಆದುದರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಪದವಿಗೆ ಮುನ್ನ ವರ್ಷಕ್ಕೊಂದು ವಾರವಾದರೂ ಜ್ಞಾನಭಾರತಿಯಲ್ಲಿ ಕುಳಿತು ಓದುವ, ಪ್ರಾಧ್ಯಾಪಕರ ಉಪನ್ಯಾಸ ಕೇಳುವ ಏರ್ಪಾಡಾಗಬೇಕೆಂಬುದು ನನ್ನ ಅಭಿಪ್ರಾಯ. ಬರಿಯ ಪರೀಕ್ಷೆ ನಡೆಸುವುದಕ್ಕೆ ಅಷ್ಟು ನೆಲವೇಕೆ?