ಅಂಟಿಗೊಂದು ಮಿತಿ, ಆಳಿಗೊಂದು ಮಿತಿ

ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ನೆಲೆಸಿರುವ ನನ್ನ ಮಗನು, ಸಮೀಪದ ಟ್ರಾವಿಸ್ ಸರೋವರದಲ್ಲಿ ಮೀನು ಹಿಡಿಯಲೆಂದು ಕೊಂಡಿದ್ದ ಹಳೆಯ ದೋಣಿಯ ಡೆಕ್ಕಿಗೆ ಹೊಸ ಕಾರ್ಪೆಟ್ಟು ಅಂಟಿಸಲು ಒಂದು ಕಾರ್ಯಾಗಾರಕ್ಕೆ ಒಪ್ಪಿಸಿದಾಗ, ಅಲ್ಲಿ ಜುಲೈ ತಿಂಗಳ ಕಡುಬೇಸಗೆ. ನೆರಳಿನಲ್ಲಿಯೇ ಉಷ್ಣತೆ 38 ಡಿಗ್ರಿಯನ್ನು ಮುಟ್ಟುತ್ತಿದ್ದಿತು. ವಾರಾಂತ್ಯಕ್ಕೆ ದೋಣಿ ನೀರಿಗಿಳಿಯಲೇಬೇಕೆಂಬ ನಮ್ಮ ಅವಸರದ ಭಾರವೆಲ್ಲ ಬಿದ್ದುದು ಅಲ್ಲಿಯ ಒಬ್ಬ ಯುವ ಕೆಲಸಗಾರನ ಮೇಲೆ. ನಡುಹಗಲಿನಲ್ಲಿ, ಮಾಡಿಲ್ಲದ ಅಂಗಳದಲ್ಲಿ, ಮೊಣಕಾಲೂರಿ ಅವನು ಕೆಲಸ ಮುಗಿಸಿಕೊಟ್ಟನು. ಎರಡು ವಾರ ಕಳೆಯುವುದರೊಳಗೆ ಕಾರ್ಪೆಟ್ಟು ಅಲ್ಲಲ್ಲಿ ಬೊಬ್ಬೆಯೆದ್ದಿತು.

ಇದಕ್ಕೆ ಕಾರಣವನ್ನು ಅವನ ಕೈಯಲ್ಲಿ ಹುಡುಕುವುದು ಅನ್ಯಾಯ. ಇಲ್ಲಿ ಬಳಸಿದ ಅಂಟು ದ್ರಾವಕದಲ್ಲಿ ಕರಗಿಸಿದ ಕೃತಕ ರಬ್ಬರು. ನಮ್ಮೂರುಗಳಲ್ಲಿ ಚಪ್ಪಲಿಯ ಅಟ್ಟೆಗೆ ಬಳಿಯುವುದೂ ಇದೇ ಜಾತಿಯದು. ಇದನ್ನು ಹಲಗೆಗೂ ಕಾರ್ಪೆಟ್ಟಿನ ಬೆನ್ನಿಗೂ ತೆಳುವಾಗಿ ಸವರಿ, ಬೆರಳಿಟ್ಟರೆ ಪಾಕದಂತೆ ಎಳೆ ಬಾರದ ಹದಕ್ಕೆ ಕಾದು, ಆ ಬಳಿಕ ನಡುವಿನಿಂದ ಅಂಚಿನೆಡೆಗೆ ಗಾಳಿಯನ್ನು ಹೊರದೂಡುತ್ತ ಒತ್ತಬೇಕು. ಒಮ್ಮೆ ಕೂಡಿದುದನ್ನು ಮತ್ತೆ ಸರಿಸಲಾಗದು. ಕಾದ ಹಲಗೆಯ ಮೇಲಾದರೋ, ಬಿಸಿಹಾಲಿಗೆ ಕೆನೆ ಕಟ್ಟುವಂತೆ ಅಂಟಿನ ಮೇಲ್ಭಾಗವು ಬೇಗನೆ ಪೊರೆಗಟ್ಟಿ ಒಣಗಿದಂತೆ ತೋರುತ್ತದೆ. ಆದರೆ ಅದರಡಿಯಲ್ಲಿ ದ್ರಾವಕವು ಸೆರೆಯಾಗಿಯೇ ಉಳಿದು, ಮುಂದೊಂದು ದಿನ ಬಿಸಿಲಿನ ತಾಪಕ್ಕೆ ಆವಿಯಾಗಿ ಹಿಗ್ಗುತ್ತ ಕಾರ್ಪೆಟ್ಟನ್ನು ಎತ್ತಿಬಿಡುತ್ತದೆ. ಆದುದರಿಂದಲೇ ಬಲ್ಲವರು ಈ ಕೆಲಸವನ್ನು ನಸುಕಿನಲ್ಲಿ, ನೆರಳಿನಲ್ಲಿ, ಮೊಳ ಮೊಳವಾಗಿ ಮಾಡುತ್ತಾರೆ.

ಅಂಟು ಎಷ್ಟು ಉಷ್ಣತೆಯವರೆಗೆ ಬಳಕೆಗೆ ಯೋಗ್ಯವೆಂಬುದನ್ನು ತಯಾರಕರು ಡಬ್ಬಿಯ ಮೇಲೆಯೇ ಅಚ್ಚುಹಾಕಿಸುತ್ತಾರೆ. ಅದನ್ನು ಬಳಿಯುವ ಮನುಷ್ಯನ ಮಿತಿಯನ್ನು ಬರೆದಿಡುವವರು ಯಾರು? ಬಿಸಿಲೇರಿದಂತೆ ದ್ರಾವಕದ ಆವಿ ಹೆಚ್ಚುತ್ತದೆ. ಗಾಳಿಗಿಂತ ಭಾರವಾದ ಆ ಆವಿಯು ದೋಣಿಯ ತಳದಲ್ಲಿ, ಬಾಗಿ ದುಡಿಯುವವನ ಮುಖದ ಬಳಿಯಲ್ಲಿಯೇ ಮಡುಗಟ್ಟುತ್ತದೆ. ಇಂತಹ ಅಂಟುಗಳಲ್ಲಿ ಬಳಕೆಯಾಗುವ ಹೆಕ್ಸೇನ್ ಎಂಬ ದ್ರಾವಕವು ಕೈಕಾಲುಗಳ ನರಗಳನ್ನೇ ಕೆಡಿಸಬಲ್ಲುದೆಂಬುದು, 1960ರ ದಶಕದಲ್ಲಿ ಜಪಾನಿನ ಚಪ್ಪಲಿ ತಯಾರಿಸುವ ಗೃಹೋದ್ಯಮದ ಕಾರ್ಮಿಕರ ನರಳಾಟದಿಂದ ಲೋಕಕ್ಕೆ ತಿಳಿದುಬಂದಿತು.

ಬಿಸಿಲಿನಲ್ಲಿ ದುಡಿಯುವವರ ಮಿತಿಯನ್ನು ಬರೆದಿಡುವ ಯತ್ನವಾಗಿ ಆಸ್ಟಿನ್ ನಗರವು 2010ರಲ್ಲಿ, ಡಲ್ಲಾಸ್ ನಗರವು 2015ರಲ್ಲಿ, ಕಟ್ಟಡ ಕಾರ್ಮಿಕರಿಗೆ 4 ಗಂಟೆಗೊಮ್ಮೆ 10 ನಿಮಿಷದ ವಿಶ್ರಾಂತಿಯನ್ನು ವಿಧಿಸಿದುವು. ದೋಣಿ ದುರಸ್ತಿಯವರು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಇಷ್ಟಾಗಿಯೂ ನಗರಗಳ ಇಂತಹ ಕಟ್ಟಳೆಗಳನ್ನು ಅಸಿಂಧುಗೊಳಿಸುವ ಶಾಸನವೊಂದನ್ನು ಟೆಕ್ಸಸ್ ಶಾಸಕಾಂಗವು 2023ರಲ್ಲಿ ಅಂಗೀಕರಿಸಿತು. ಇದು ಅಪಚಾರವೆಂದೇ ನನ್ನ ದೃಢವಾದ ಅಭಿಪ್ರಾಯ. ಕಟ್ಟಡವಾಗಲಿ ದೋಣಿಯಾಗಲಿ, ಬಿಸಿಲಿನಲ್ಲಿ ದುಡಿಯುವ ಸಕಲರಿಗೂ ನೀರು, ನೆರಳು, ವಿರಾಮಗಳು ಕಾನೂನಿನಿಂದಲೇ ದೊರೆಯತಕ್ಕದ್ದು. ಕಾನೂನು ಬರುವತನಕ, ಕೆಲಸ ಮಾಡಿಸುವವರು ತಮ್ಮ ಗಡುವನ್ನು ಸಡಿಲಿಸತಕ್ಕದ್ದು.

ಅಕ್ಟೋಬರಿನಲ್ಲಿ ಕಾರ್ಪೆಟ್ಟನ್ನು ಕಿತ್ತು, ಹಳೆಯ ಅಂಟನ್ನು ಕೆರೆದು, ಮತ್ತೆ ಹಾಸಿಸಿದೆವು. ಬಂದವನು ಅದೇ ಯುವಕ. ಎರಡು ಮುಂಜಾವುಗಳನ್ನು ತೆಗೆದುಕೊಳ್ಳೆಂದು ಮೊದಲೇ ಹೇಳಿ, ಎರಡು ದಿನದ ಕೂಲಿಯನ್ನು ಅವನ ಕೈಗೇ ಕೊಟ್ಟೆವು.